ಪನಾಮಾ ಕಾಲುವೆ ನೋಡೋಕೆ ಹೊರಟಿದ್ದೀರಾ? ಇಷ್ಟು ತಿಳ್ಕೊಂಡು ಹೋಗಿ

ಹಡಗು ಗುಡ್ಡ ಹತ್ತುತ್ತೆ ಅಂದ್ರೆ ನಂಬ್ತೀರಾ? ಪನಾಮಾ ಕಾಲುವೆಯಲ್ಲಿ ದಿನಾ ನಡೆಯೋದು ಅದೇ. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಸುಮಾರು 80 ಕಿಲೋಮೀಟರ್ ದಾರಿ. ನಡುವೆ ಹಡಗು ಸಮುದ್ರಮಟ್ಟಕ್ಕಿಂತ 26 ಮೀಟರ್ ಎತ್ತರದ ಗಾಟುನ್ ಸರೋವರಕ್ಕೆ ಏರಿ, ಆಚೆ ಕಡೆ ಇಳಿಯಬೇಕು. ನಾನು ಅಪ್ಪ-ಅಮ್ಮನ ಜೊತೆ ಹೋಗಿಬಂದ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಗೆಳೆಯರು ಕೇಳ್ತಾನೇ ಇದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಯಾವ ಪ್ರವಾಸ?
ಕಾಲುವೆಯನ್ನು ಪೂರ್ತಿ ದಾಟುವ ಕ್ರೂಸ್‌ಗೆ ಸಾಮಾನ್ಯವಾಗಿ ಎರಡು ವಾರದ ರಜೆ ಬೇಕು. ಅರ್ಧ ದಾಟುವ ಹಡಗು ಗಾಟುನ್‌ವರೆಗೆ ಹೋಗಿ ಬಂದ ದಾರಿಯಲ್ಲೇ ಮರಳುತ್ತೆ. ರಜೆ ಇನ್ನೂ ಕಡಿಮೆಯಾ? ಪನಾಮಾ ಸಿಟಿಗೆ ವಿಮಾನದಲ್ಲಿ ಹೋಗಿ, ಒಂದು ದಿನದ ದೋಣಿ ಪ್ರವಾಸ ಮಾಡಿ.

ಯಾವ ಲಾಕ್?
ಲಾಕ್ ಅಂದ್ರೆ ಗೇಟು ಮುಚ್ಚಿ, ನೀರು ತುಂಬಿಸಿ ಹಡಗನ್ನು ಮೇಲೆತ್ತುವ ದೊಡ್ಡ ತೊಟ್ಟಿ. ಹಳೆಯವು 1914ರ ಆಗಸ್ಟ್ 15ರಂದು ಶುರುವಾದವು, ಹೊಸವು 2016ರಲ್ಲಿ. ಬುಕ್ ಮಾಡುವಾಗಲೇ ಯಾವುದರಲ್ಲಿ ಹೋಗುತ್ತೆ ಅಂತ ಕೇಳಿ. ಹಳೆಯದರಲ್ಲಿ ಹಳಿ ಮೇಲಿನ ಪುಟ್ಟ ಎಂಜಿನ್‌ಗಳು ಎರಡೂ ಬದಿಯಿಂದ ತಂತಿಹಗ್ಗ ಹಿಡಿದು ಹಡಗನ್ನು ನಡುಮಧ್ಯದಲ್ಲಿ ನಿಲ್ಲಿಸುವುದನ್ನು ನೋಡಬಹುದು. ಆ ದಿನ ಬಾಲ್ಕನಿಗಿಂತ ಮುಂಭಾಗದ ಡೆಕ್ ಮೇಲು. ಬೆಳಗ್ಗೆ ಬೇಗ ಜಾಗ ಹಿಡೀರಿ. ಟೋಪಿ, ನೀರಿನ ಬಾಟಲಿ ಮರೀಬೇಡಿ.

ಕಾಗದ-ಪತ್ರ
ಪನಾಮಾದಿಂದ ಭಾರತಕ್ಕೆ ಬರೋರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಲಸಿಕೆ ಹಾಕಿಸಿದ 10 ದಿನದ ನಂತರವೇ ಅದಕ್ಕೆ ಬೆಲೆ. ಹಡಗು ಅಮೆರಿಕದಿಂದ ಹೊರಟು ಅಲ್ಲಿಗೇ ಮರಳುವುದಾದರೆ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅನುಮತಿ ಇದೆಯೇ ನೋಡ್ಕೊಳ್ಳಿ. ಹಡಗು ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ರೆ ಉಪಗ್ರಹ ರೋಮಿಂಗ್ ಬಿಲ್ ನೋಡಿ ಎದೆ ಒಡೆದೀತು.

ಯಾವಾಗ?
ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಉಳಿದ ತಿಂಗಳು ಕೊಡೆ ಜೊತೆಗಿರಲಿ.

ನೀರು ಎಲ್ಲಿಂದ?
ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯೋ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಇಷ್ಟು ನೀರು ಯಾವ ಪಂಪಲ್ಲಿ ಎತ್ತುತಾರೆ?" ಪಂಪೇ ಇಲ್ಲ! ಚಾಗ್ರೆಸ್ ನದಿಗೆ ಕಟ್ಟೆ ಕಟ್ಟಿ ನಿಲ್ಲಿಸಿದ ಮಳೆನೀರು ಎರಡೂ ಕಡೆಯ ಲಾಕ್‌ಗಳಿಗೆ ತಾನೇ ಇಳಿಯುತ್ತೆ. "ಹಂಗಾದ್ರೆ ಇದು ನಮ್ಮ ಸೂಳೆಕೆರೆನೇ ಬಿಡು" ಅಂದ್ರು ಅಪ್ಪ. ಹರಿದ್ರಾ ಹಳ್ಳಕ್ಕೆ ಏರಿ ಹಾಕಿ, ಸಿದ್ಧನ ನಾಲೆ, ಬಸವನ ನಾಲೆ ಅಂತ ಎರಡು ಕಡೆ ನೀರು ಬಿಟ್ಟ ಕೆರೆಯಲ್ಲವೇ ಅದು!

ಆದರೆ ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ದಾಟಿದ್ರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲು. ಹೊಸ ಲಾಕ್‌ಗಳಲ್ಲಿ ಶೇಕಡಾ 60ರಷ್ಟು ನೀರನ್ನು ಮತ್ತೆ ಬಳಸ್ತಾರೆ. ಅಲ್ಲಿನ ಅರ್ಧಕ್ಕೂ ಹೆಚ್ಚು ಜನ ಕುಡಿಯೋದೂ ಇದೇ ಕಾಲುವೆ ಜಲಾನಯನದ ನೀರು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ 36ರ ಆಸುಪಾಸಿದ್ದ ಹಡಗುಗಳನ್ನು 24ಕ್ಕೆ ಇಳಿಸಬೇಕಾಯ್ತು. ಈಗ ಇಂಡಿಯೊ ನದಿಗೆ ಹೊಸ ಅಣೆಕಟ್ಟೆಯ ಯೋಜನೆ ಇದೆ. ಮುಳುಗಡೆಯ ಭಯದಲ್ಲಿರೋ ಹಳ್ಳಿಯವರು ಬೇಡ ಅಂತಿದ್ದಾರೆ.

ಕೊನೆಭಾಗಕ್ಕೆ ನೀರು ಬರಲಿ ಅಂತ ರಾತ್ರಿಯೆಲ್ಲ ನಾಲೆ ಕಾಯೋರಿಗೆ, ಭದ್ರಾ ಮೇಲ್ದಂಡೆ ನೀರಿಗಾಗಿ ವರ್ಷಗಟ್ಟಲೆ ಕಾದ ಜಗಳೂರಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಡೆಕ್ ಮೇಲೆ ಗೈಡ್ ಹಡಗಿನ ಉದ್ದ, ತೂಕ ಹೇಳಿ ಮುಗಿಸ್ತಾರೆ. ನೀವು ಈ ವರ್ಷದ ಮಳೆ ಹೇಗಿದೆ ಅಂತಾನೂ ಕೇಳಿ.