ವಾಣಿಯನ್ನು ಓದದವರ ಜೊತೆ ಹರಟೆ

ಶ್ರೀರಂಗಪಟ್ಟಣದಲ್ಲೇ ಕೂತು ‘ಎರಡು ಕನಸು’ ಚಿತ್ರದ ಹಾಡುಗಳ ಬಗ್ಗೆ ಮೊನ್ನೆ ಒಂದು ಇಡೀ ಸಂಜೆ ಮಾತಾಡಿದೆವು. 1974ರ ಚಿತ್ರ. ರಾಜನ್-ನಾಗೇಂದ್ರ ರಾಗದ ಎಳೆಯನ್ನು ಎಷ್ಟು ಹಗುರಾಗಿ ಹಿಡಿಯುತ್ತಾರೆ, ಚಿ. ಉದಯಶಂಕರ್ ಮನೆಮಾತನ್ನೇ ಹೇಗೆ ಹಾಡಿಗೆ ಕೂರಿಸುತ್ತಾರೆ, ಕಲ್ಪನಾ ಹೆಚ್ಚೋ ಮಂಜುಳಾ ಹೆಚ್ಚೋ, ದೊರೈ-ಭಗವಾನ್ ಜೋಡಿಯ ಚಿತ್ರಗಳಲ್ಲಿ ಇದಕ್ಕೆ ಎಷ್ಟನೇ ಸ್ಥಾನ, ಒಂದನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ನಾನು ಕೇಳಿದೆ: “ಕಥೆ ಯಾರದು?”

ಯಾರಿಗೂ ಹೊಳೆಯಲಿಲ್ಲ. ವಾಣಿಯವರದು ಅಂದೆ. ಒಬ್ಬರು, “ವಾಣಿ ಜಯರಾಂ ಕಥೇನೂ ಬರೀತಿದ್ರಾ?” ಅಂದರು. ವಾಣಿ ಎಂಬ ಹೆಸರಿನಲ್ಲಿ ಬರೆದ ಬಿ.ಎನ್. ಸುಬ್ಬಮ್ಮ 1917ರಲ್ಲಿ ಹುಟ್ಟಿದ್ದು ಇದೇ ಶ್ರೀರಂಗಪಟ್ಟಣದಲ್ಲಿ. ಪುಟ್ಟಣ್ಣನವರ ‘ಶುಭಮಂಗಳ’, ರಾಜ್‌ಕುಮಾರ್ ಅವರ ‘ಹೊಸ ಬೆಳಕು’ ಕೂಡ ಇವರ ಕಾದಂಬರಿಗಳೇ. ಇಷ್ಟು ಹೇಳಿದ ಮೇಲೆ ಬಂದ ಮಾತು: “ಓ, ಹೆಂಗಸರ ಕಾದಂಬರಿ. ನಮ್ಮಮ್ಮ ಓದೋರು.” ಅಷ್ಟು ಹೇಳಿ ಅವರು ಕಡ್ಲೆಪುರಿಗೆ ಕೈ ಹಾಕಿದರು. ನನಗೆ ಆ ಸಂಜೆ ಆಮೇಲೆ ಕಡ್ಲೆಪುರಿ ರುಚಿಸಲಿಲ್ಲ.

ಹರಟೆ ನನಗೆ ಪ್ರಾಣ. ಪುಸ್ತಕ, ಹಾಡು, ಈ ಎರಡರ ನಡುವೆ ಹೆಣ್ಣುಗಂಡಿನ ತಕರಾರು: ಈ ಮೂರು ಸೇರಿದ ಹರಟೆಗೆ ಸಮನಾದ ಸುಖ ಇನ್ನೊಂದಿಲ್ಲ. ನಮ್ಮ ಗುಂಪು ನಾಲ್ಕು ತಾಲ್ಲೂಕಿನದು. ನಾಗಮಂಗಲದಿಂದ ಒಬ್ಬ ಮೇಷ್ಟ್ರು ಬರುತ್ತಾರೆ, ಕೆ.ಆರ್. ಪೇಟೆಯಿಂದ ಔಷಧಿ ಅಂಗಡಿಯವರು, ಪಾಂಡವಪುರದಿಂದ ಕಬ್ಬು ಬೆಳೆಯುವ ಸಂಗೀತಪ್ರಿಯರು, ಜೊತೆಗೆ ಎಂ.ಎ. ಓದುತ್ತಿರುವ ಒಬ್ಬ ಹುಡುಗಿ. ಪುಸ್ತಕ ಮಾರಾಟದಲ್ಲೋ ಸಂಗೀತ ಕಚೇರಿಯಲ್ಲೋ ಮುಖ ಕಂಡು ಆದ ಪರಿಚಯ. ಯಾರ ಮನೆಯಲ್ಲಿ ಎಷ್ಟು ಜನ ಅನ್ನುವುದು ಒಬ್ಬರಿಗೊಬ್ಬರಿಗೆ ಸರಿಯಾಗಿ ತಿಳಿಯದು. ಆದರೆ ಯಾರಿಗೆ ಯಾವ ರಾಗ ಕಂಡರೆ ಆಗದು, ಯಾರು ಯಾವ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟಿದ್ದಾರೆ, ಇದೆಲ್ಲ ಚೆನ್ನಾಗಿ ಗೊತ್ತು. ಇಂಥ ಪರಿಚಯಕ್ಕೆ ಒಂದು ವಿಶೇಷ ಸಲಿಗೆ ಇದೆ. ಬಂಧುಗಳ ಮುಂದೆ ಆಡಲಾಗದ ಮಾತನ್ನು ಇಲ್ಲಿ ಆಡಬಹುದು.

ಈ ನೆಲಕ್ಕೂ ಹರಟೆಗೂ ನಂಟಿದೆ ಎಂದು ನಾನು ನಂಬಿದ್ದೇನೆ. ‘ಹಗಲುಗನಸುಗಳು’ ಬರೆದ ಎ.ಎನ್. ಮೂರ್ತಿರಾಯರು 1900ರಲ್ಲಿ ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ಅವರ ಪ್ರಬಂಧ ಓದುವಾಗ ಎದುರಿಗೆ ಕೂತು ಮಾತಾಡಿದಂತೆಯೇ ಆಗುತ್ತದೆ. ಗೆಲ್ಲಬೇಕೆಂಬ ಹಟ ಅಲ್ಲಿಲ್ಲ. ಹರಟೆಯಲ್ಲಿ ಗೆಲ್ಲಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅವರು ಪುಸ್ತಕದ ಒಳಗಿನ ಒಂದು ಸಂಗತಿಯನ್ನೂ ಹಿಡಿಯುವುದಿಲ್ಲ. ಲೇಖಕರ ಹೆಸರು ಹೇಳುತ್ತಾರೆ, ಪ್ರಶಸ್ತಿ ಹೇಳುತ್ತಾರೆ, ಪಂಥ ಹೇಳುತ್ತಾರೆ, ಅಲ್ಲಿಗೆ ಬಾಗಿಲು ಮುಚ್ಚಿತು. ಹೆಸರೇ ಇವರಿಗೆ ತೀರ್ಪು.

ಅದಕ್ಕೇ ನಾನೊಂದು ಉಪಾಯ ರೂಢಿಸಿಕೊಂಡಿದ್ದೇನೆ. ಹೆಸರು ಹೇಳದೆ ಓದುವುದು. ಪುಸ್ತಕಕ್ಕೆ ದಿನಪತ್ರಿಕೆಯ ಹೊದಿಕೆ ಹಾಕಬೇಕು, ಬೆನ್ನೂ ಕಾಣದ ಹಾಗೆ. ಆರಂಭದ ಪುಟ ಬೇಡ, ಮಧ್ಯದ್ದು ಬೇಕು. ಒಂದೂವರೆ ಪುಟ ಸಾಕು. ಎರಡಾದರೆ ಕೇಳುವವರು ಕಾಲು ಚಾಚುತ್ತಾರೆ. ಓದುವಾಗ ದನಿಯಲ್ಲಿ ಅಭಿನಯ ತರಬಾರದು, ಸೊಪ್ಪು ಸೋಸುತ್ತಾ ಮಾತಾಡುವಷ್ಟೇ ಸಹಜವಾಗಿ ಓದಬೇಕು. ಮುಗಿದ ಮೇಲೆ “ಹೇಗಿದೆ?” ಅಂತ ಕೇಳಲೇಬಾರದು. ಸುಮ್ಮನೆ ಪುಟ ಮಡಿಸಿ ಕಾಫಿ ಲೋಟ ಎತ್ತಿಕೊಳ್ಳಬೇಕು. ಆಗ ಯಾರಾದರೂ ತಾವಾಗಿ ಕೇಳುತ್ತಾರೆ: “ಮುಂದೆ ಏನಾಯ್ತು?” ಆ ಪ್ರಶ್ನೆ ಬಂದರೆ ಕೆಲಸವಾಯಿತು. ನಮ್ಮ ಮೇಷ್ಟ್ರು ಈ ಉಪಾಯವನ್ನು ಒಪ್ಪುವುದಿಲ್ಲ. ಲೇಖಕರ ಕಾಲ, ಹಿನ್ನೆಲೆ ತಿಳಿಯದೆ ಓದುವುದು ಅರೆ ಓದು ಎನ್ನುತ್ತಾರೆ. ಆದರೆ ಹಿನ್ನೆಲೆ ಕೇಳುವ ಅವರ ಕುತೂಹಲ ಗಂಡಸರ ಪುಸ್ತಕದಲ್ಲಿ ಗೌರವವಾಗುತ್ತದೆ, ಹೆಂಗಸರ ಪುಸ್ತಕದಲ್ಲಿ ರಿಯಾಯಿತಿಯಾಗುತ್ತದೆ. ಈ ವ್ಯತ್ಯಾಸವನ್ನು ಅವರಿಗೆ ಇನ್ನೂ ಒಪ್ಪಿಸಲಾಗಿಲ್ಲ.

ಒಮ್ಮೆ ಹಾಗೆ ಹೊದಿಕೆ ಹಾಕಿ ಓದಿದ್ದು ‘ಬೆಳ್ಳಿಮೋಡ’. ಇಂದಿರೆಯನ್ನು ಆಸ್ತಿಗಾಗಿ ಒಪ್ಪಿ, ಆಸ್ತಿಗೆ ವಾರಸುದಾರನಾಗಿ ಅವಳಿಗೆ ತಮ್ಮ ಹುಟ್ಟಿದಾಗ ಕೈಬಿಟ್ಟ ಮೋಹನ ಮನಸ್ಸು ಬದಲಿಸಿ ಮರಳಿ ಕೇಳುತ್ತಾನೆ. ಅವನ ಶುಶ್ರೂಷೆ ಮಾಡಿದ ಇಂದಿರೆಯೇ ಅವನನ್ನು ಬೇಡ ಎನ್ನುತ್ತಾಳೆ. ಔಷಧಿ ಅಂಗಡಿಯವರು ನೆಟ್ಟಗೆ ಕೂತರು. “ಸೇವೆ ಮಾಡಿದ್ದು ಪ್ರೀತಿಗಲ್ಲ ಅಂತ ಇವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ, ಅಲ್ವ?” ಅಂದರು. ಎಷ್ಟು ಒಳ್ಳೆಯ ಮಾತು! ಈ ಕಾದಂಬರಿಯ 1967ರ ಚಿತ್ರವನ್ನು ಅವರು ಎಷ್ಟೋ ಸಲ ನೋಡಿದ್ದಾರೆ, ಈ ಮಾತು ಮಾತ್ರ ಅವರ ಬಾಯಲ್ಲಿ ಬಂದದ್ದು ಪುಟ ಕೇಳಿದ ಮೇಲೆ. ತ್ರಿವೇಣಿ ಎಂದು ಹೆಸರು ಹೇಳಿದಾಗ, “ಸಿನಿಮಾ ಪುಟ್ಟಣ್ಣಂದು, ಚೆನ್ನಾಗೈತೆ” ಅಂದುಬಿಟ್ಟರು. ಕಣ್ಣ ಮುಂದೆಯೇ ಮಾತು ಕೈಜಾರಿ ಹೋಯಿತು.

ತ್ರಿವೇಣಿಯ ಮಾತು ಬಂದಾಗ ನನಗೆ ಸಿಟ್ಟು ಬರುವುದಕ್ಕೆ ಇನ್ನೊಂದು ಕಾರಣವಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ದಾಟುವಾಗಲೆಲ್ಲ ಮೇಷ್ಟ್ರು, “ಇದು ಬಿ.ಎಂ.ಶ್ರೀಯವರ ಊರು” ಅನ್ನುತ್ತಾರೆ. ಅನ್ನಲೇಬೇಕು. ‘ಇಂಗ್ಲಿಷ್ ಗೀತಗಳು’ ಇಲ್ಲದಿದ್ದರೆ ಹೊಸಗನ್ನಡ ಕವಿತೆಯ ನಡೆ ಬೇರೆಯೇ ಇರುತ್ತಿತ್ತು. ಆದರೆ ಅದೇ ಶ್ರೀಯವರ ತಮ್ಮನ ಮಗಳು ತ್ರಿವೇಣಿ. 1953ರಲ್ಲಿ ‘ಅಪಸ್ವರ’ ಬಂತು, 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ಮನಃಶಾಸ್ತ್ರ ಓದಿದ್ದ ಆಕೆ ಆ ಹತ್ತು ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದರು. ‘ಶರಪಂಜರ’ದ ಕಾವೇರಿ ಕಾಯಿಲೆ ವಾಸಿಯಾಗಿ ಮನೆಗೆ ಬರುತ್ತಾಳೆ, ಅವಳು ವಾಸಿಯಾಗಿದ್ದಾಳೆಂದು ಮನೆಯವರೇ ನಂಬುವುದಿಲ್ಲ. ಈ ಸಂಕಟವನ್ನು ಆ ಕಾಲದಲ್ಲಿ ಕನ್ನಡದಲ್ಲಿ ಇಷ್ಟು ನೇರವಾಗಿ ಬರೆದವರು ಯಾರು? ಆ ಕಾದಂಬರಿಯ ಚಿತ್ರದ ಮಾತು ತೆಗೆದರೆ ನಮ್ಮವರಿಗೆ ಬೇಂದ್ರೆಯವರ ಕವಿತೆ ನೆನಪು, ವಿಜಯಭಾಸ್ಕರ್ ಸಂಗೀತ ನೆನಪು. ಬೆಳ್ಳೂರಿನ ಫಲಕದ ಮುಂದೆ ತ್ರಿವೇಣಿಯ ಹೆಸರನ್ನೂ ಸೇರಿಸಿ ಹೇಳಿ ಎಂದು ಮೇಷ್ಟ್ರಿಗೆ ಎಷ್ಟು ಸಲ ಹೇಳಬೇಕು!

‘ಅಡುಗೆಮನೆ ಸಾಹಿತ್ಯ’ ಎಂದು ಈ ಬರಹಗಾರ್ತಿಯರನ್ನು ಪಕ್ಕಕ್ಕೆ ಸರಿಸಿದ ಒಂದು ಕಾಲವಿತ್ತು. ಆ ಮಾತಾಡಿದ ವಿಮರ್ಶಕರು ಹೋದರು, ಅದರ ವಾಸನೆ ಹೋಗಿಲ್ಲ. ಹೆಣ್ಣಿನ ಮನಸ್ಸು ನಮ್ಮ ಗುಂಪಿನ ಗಂಡಸರಿಗೆ ಬೇಡ ಎಂದಲ್ಲ. ಅದನ್ನು ಗಂಡು ಕವಿ ಬರೆದರೆ ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಾರೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ನನಗೂ ಅಚ್ಚುಮೆಚ್ಚು. 1942ರ ‘ಮೈಸೂರ ಮಲ್ಲಿಗೆ’ ಇಲ್ಲದ ಕನ್ನಡ ಮನೆಯನ್ನು ನಾನು ಊಹಿಸಲಾರೆ. ಆದರೆ ಅದನ್ನಾದರೂ ಇವರು ಪೂರ್ತಿ ಕೇಳುತ್ತಾರೆಯೇ? ರಾಯರು ಮಾವನ ಮನೆಗೆ ಬರುವ ಹಾಡನ್ನು ಪಾಂಡವಪುರದವರು ಬಹಳ ಚೆನ್ನಾಗಿ ಹಾಡುತ್ತಾರೆ. ಹಾಡಿ ಮುಗಿಸಿದಾಗ ನಾನು ಕೇಳಿದೆ: “ರಾಯರಿಗೆ ಪದುಮ ಯಾಕೆ ಕಾಣಿಸಲಿಲ್ಲ?” “ನಾಚಿಕೆ ಇರಬೇಕು” ಅಂದರು. ಔಷಧಿ ಅಂಗಡಿಯವರು, “ತವರಲ್ಲೇ ಬೇರೆ ಯಾರ ಮನೆಗೋ ಹೋಗಿದ್ಲೇನೋ” ಅಂದರು. ಬಾಗಿಲ ಹತ್ತಿರ ಕೂತಿದ್ದ ಮನೆಯ ಅಜ್ಜಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. “ಅಯ್ಯೋ ನಿಮ್ ಮನೆ ಕಾಯ್ವಾಗ! ಅವಳು ಮೂರು ದಿನ ಹೊರಗೆ ಕೂತವ್ಳೆ ಕಣ್ರಪ್ಪ. ಒಳಗೆ ಎಂಗೆ ಬಂದಾಳು?” ಗಂಡಸರೆಲ್ಲ ಒಮ್ಮೆಗೇ ಚಾವಣಿ ನೋಡತೊಡಗಿದರು. ಎಷ್ಟೋ ಮದುವೆಯಲ್ಲಿ, ಎಷ್ಟೋ ವೇದಿಕೆಯಲ್ಲಿ ಹಾಡಿದ ಹಾಡು. ರಾಯರ ಆಸೆಯೆಲ್ಲ ಆ ಒಂದು ರಾತ್ರಿ ಹೇಗೆ ಹೊಸ್ತಿಲಲ್ಲೇ ನಿಂತಿತು, ಮನೆಯ ಹೆಂಗಸರು ಅದನ್ನು ಹೇಗೆ ನಗುನಗುತ್ತಲೇ ತಿಳಿಸಿದರು ಎನ್ನುವಲ್ಲೇ ಇದೆ ಅದರ ಸೊಗಸು. ಕವಿಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು. ನಡುವೆ ಹಾಡಿದವರಿಗೆ ಗೊತ್ತಿಲ್ಲ.

ನಾಗಮಂಗಲದಲ್ಲಿ ಇನ್ನೊಂದು ಆಯಿತು. ಮನೆಯೊಡತಿ ಸೋಬಾನೆ ಎತ್ತಿಕೊಂಡರು, ಇಬ್ಬರು ಎದ್ದು ಜಗಲಿಗೆ ಹೋದರು. ಅದು ಮದುವೆಮನೆ ಹಾಡಂತೆ, ಸಾಹಿತ್ಯದ ಮಾತು ಆಮೇಲಂತೆ. ಇದೇ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಊರೂರು ತಿರುಗಿ ಇಂಥ ಪದಗಳನ್ನು ಬರೆದುಕೊಂಡರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದಲ್ಲಿ ಜಾನಪದ ಲೋಕ ನಿಲ್ಲಿಸಿದರು. ಒಬ್ಬ ಹೆಣ್ಣುಮಗಳ ಹೆಸರನ್ನು ಮುಖಪುಟಕ್ಕೆ ತಂದು ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದೇ ಪುಸ್ತಕ ಮಾಡಿದರು. ಆ ಹೆಸರಿಟ್ಟದ್ದಕ್ಕೆ ನಾನು ಅವರಿಗೆ ಕೈಮುಗಿಯುತ್ತೇನೆ. ಜಗಲಿಗೆ ಹೋದವರನ್ನು ಕರೆದು ಮತ್ತೆ ಕೂರಿಸಿದೆ. ಆ ದಿನ ನನ್ನ ದನಿ ಜೋರಾಗಿಯೇ ಇತ್ತು.

ನನ್ನ ನಿಜವಾದ ಹುಚ್ಚು ಇನ್ನೂ ಹಿಂದಿನದು. ಶ್ರೀರಂಗಪಟ್ಟಣ 1610ರಿಂದ 1799ರವರೆಗೆ ರಾಜಧಾನಿಯಾಗಿತ್ತು. ಕೋಟೆ, ಟಿಪ್ಪು, ಮುತ್ತಿಗೆ ಎಲ್ಲರಿಗೂ ಗೊತ್ತು. ಅಲ್ಲಿ ಹೆಂಗಸರು ಕಾವ್ಯ ಬರೆದರು ಎಂಬುದನ್ನು ಪ್ರವಾಸಿಗಳಿಗೆ ಯಾರೂ ಹೇಳುವುದಿಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿದ ಯಳಂದೂರಿನ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ‘ವರನಂದಿ ಕಲ್ಯಾಣ’ ಬರೆದಳು. ಎರಡೂ ಸಾಂಗತ್ಯ, ಅಂದರೆ ಹಾಡಿಯೇ ಓದಬೇಕಾದವು. ಒಂದನೆಯ, ಮೂರನೆಯ ಸಾಲಿನಲ್ಲಿ ನಾಲ್ಕು ವಿಷ್ಣುಗಣ; ಎರಡನೆಯ, ನಾಲ್ಕನೆಯ ಸಾಲಿನಲ್ಲಿ ಎರಡು ವಿಷ್ಣುಗಣ, ಕೊನೆಗೊಂದು ಬ್ರಹ್ಮಗಣ. ಉದ್ದ ಸಾಲಿನಲ್ಲಿ ನಡೆದು ಗಿಡ್ಡ ಸಾಲಿನಲ್ಲಿ ಉಸಿರು ತೆಗೆದುಕೊಳ್ಳುವ ಈ ಲಯ ಒಮ್ಮೆ ಗಂಟಲಿಗೆ ಹತ್ತಿದರೆ ಬಿಡದು. ಬಸ್ಸಿನಲ್ಲಿ, ಅಡುಗೆ ಮಾಡುವಾಗ, ಬಟ್ಟೆ ಒಣಹಾಕುವಾಗ ಹಾಡಿಕೊಳ್ಳುತ್ತೇನೆ.

ಹೊನ್ನಮ್ಮನ ವಿಷಯದಲ್ಲಿ ನನಗೂ ಎಂ.ಎ. ಹುಡುಗಿಗೂ ಜಗಳ. “ಅಕ್ಕ, ಅದು ಗಂಡನ ಸೇವೆ ಹೇಗೆ ಮಾಡಬೇಕು ಅಂತ ಹೇಳಿಕೊಡೋ ಪುಸ್ತಕ. ಅದನ್ನ ಯಾಕೆ ಹೊತ್ಕೊಂಡು ಓಡಾಡ್ತೀರಿ?” ಎನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ಆದರೆ ಅದೇ ಪುಸ್ತಕದಲ್ಲಿ, ಗಂಡು ಹುಟ್ಟಿದರೆ ಹಿಗ್ಗಿ ಹೆಣ್ಣು ಹುಟ್ಟಿದರೆ ಮುಖ ಸಣ್ಣ ಮಾಡುವವರನ್ನು ಅರಮನೆಯ ಊಳಿಗದವಳೊಬ್ಬಳು ದೊರೆಯ ಆಸ್ಥಾನದಲ್ಲಿ ನಿಂತು ಕೇಳುತ್ತಾಳೆ: ನಿಮ್ಮನ್ನು ಹೆತ್ತವಳು ಯಾರು ಎಂದು. ಅವಳಿಗೆ ಸಿಕ್ಕ ಜಾಗ ಅಷ್ಟು. ಅಷ್ಟರಲ್ಲೇ ಅವಳು ಈ ಪ್ರಶ್ನೆಗೆ ಜಾಗ ಮಾಡಿಕೊಂಡಳು ಎನ್ನುತ್ತೇನೆ ನಾನು. “ಕೊಟ್ಟಷ್ಟು ಜಾಗದಲ್ಲೇ ಕೂತವರನ್ನ ಎಷ್ಟು ದಿನ ಹೊಗಳೋದು?” ಎಂದು ಹುಡುಗಿ ತಿರುಗಿ ಕೇಳುತ್ತಾಳೆ. ಹರಟೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಎದುರಾಳಿ ಈಕೆ. ಇವಳು ಪುಸ್ತಕ ಓದಿ ಬಂದು ಬೈಯುತ್ತಾಳೆ.

ಚೆಲುವಾಂಬೆಯ ವಿಷಯದಲ್ಲಿ ನಾವಿಬ್ಬರೂ ಒಂದೇ ಪಕ್ಷ. ಮೇಲುಕೋಟೆಗೆ ಹೋದವರಿಗೆಲ್ಲ ಬೀಬಿ ನಾಚ್ಚಿಯಾರ್ ಕಥೆ ಗೊತ್ತು: ಚೆಲುವರಾಯಸ್ವಾಮಿಗೆ ಮನಸೋತ ದಿಲ್ಲಿಯ ಸುಲ್ತಾನನ ಮಗಳು, ಅವನನ್ನು ಅರಸಿ ಇಲ್ಲಿಯವರೆಗೆ ಬಂದವಳು. ಆ ಕಥೆಯನ್ನೇ ಶ್ರೀರಂಗಪಟ್ಟಣದ ಒಬ್ಬ ರಾಣಿ ‘ವರನಂದಿ ಕಲ್ಯಾಣ’ವಾಗಿ ಬರೆದಿದ್ದಾಳೆ ಎಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮುಂದಿನ ಸಲ ಮೇಲುಕೋಟೆಯಲ್ಲೇ ಸೇರಿ ಅದನ್ನು ಹಾಡುವುದೆಂದು ತೀರ್ಮಾನವಾಗಿದೆ. ಅದು ಪು.ತಿ.ನ. ಅವರ ಊರು, ‘ಗೋಕುಲ ನಿರ್ಗಮನ’ವನ್ನು ರಾಗಗಳ ಜೊತೆಯಲ್ಲೇ ಕಟ್ಟಿದ ಕವಿಯ ಊರಿನಲ್ಲಿ ಕಾವ್ಯವನ್ನು ಹಾಡದೆ ಒಣದಾಗಿ ಓದುವುದು ಸಲ್ಲದು.

ಯಾವ ರಾಗ ಎಂಬಲ್ಲಿ ಪಾಂಡವಪುರದವರು ಕೆಡಿಸಿದರು. “ಹೆಣ್ಣು ಬರೆದದ್ದಲ್ವ, ನೀಲಾಂಬರಿ ಇಟ್ಕೊಳಿ, ಮೆತ್ತಗಿರುತ್ತೆ” ಅಂದರು. ನೀಲಾಂಬರಿ ಲಾಲಿಯ ರಾಗ. ಚೆಲುವಾಂಬೆ ಲಾಲಿಪದಗಳನ್ನೂ ಬರೆದಿದ್ದಾಳೆ, ಅವಕ್ಕೆ ಬೇಕಾದರೆ ಇಡಲಿ. ತಂದೆಯ ಅರಮನೆ ಬಿಟ್ಟು, ದಿಲ್ಲಿಯಿಂದ ಮೇಲುಕೋಟೆಯವರೆಗೆ ತಾನು ಒಲಿದವನನ್ನು ಹುಡುಕಿಕೊಂಡು ಬರುವ ಹುಡುಗಿಗೆ ನಿದ್ದೆ ಬರಿಸುವ ರಾಗ ಯಾಕೆ? ಮೋಹನ ಇರಲಿ ಅಂದೆ. ಕಾಲು ಬೇಗ ಬೇಗ ಇಡುವ ರಾಗ ಅದು, ಉದ್ದ ಸಾಲಿಗೆ ನಡಿಗೆ ಕೊಡುತ್ತದೆ, ಗಿಡ್ಡ ಸಾಲಿನ ಕೊನೆಯಲ್ಲಿ ಷಡ್ಜಕ್ಕೆ ಬಂದು ನಿಲ್ಲಲು ಆಗುತ್ತದೆ. ಹುಡುಗಿ ಬಿಲಹರಿ ಅನ್ನುತ್ತಾಳೆ. ಬೆಳಗಿನ ಪಯಣಕ್ಕೆ ಅದು ಇನ್ನೂ ಹೊಂದುತ್ತದಂತೆ. ಬಿಲಹರಿಯ ಮಾತಿಗೆ ನಾನು ಬೇಕಾದರೆ ಸೋಲುತ್ತೇನೆ. ನೀಲಾಂಬರಿಗೆ ಮಾತ್ರ ಇಬ್ಬರೂ ಒಪ್ಪುವುದಿಲ್ಲ ಎಂದು ಪಾಂಡವಪುರಕ್ಕೆ ಹೇಳಿ ಕಳಿಸಿದ್ದೇವೆ.