ಡ್ರೈವ್ ಎಂಬ ಮಾತು

೨೦೨೫ರ ಅಕ್ಟೋಬರಿನಲ್ಲಿ ವಿಂಡೋಸ್ ೧೦ಕ್ಕೆ ಕಂಪನಿಯ ಪೋಷಣೆಯು ನಿಂತಿತು. ಆ ದೀಪಾವಳಿಯ ರಜೆಯಲ್ಲಿಯೇ ನಾನು ನನ್ನ ಹಳೆಯ ಗಣಕಯಂತ್ರದಲ್ಲಿ ಲಿನಕ್ಸನ್ನು ಸ್ಥಾಪಿಸಲೆಳಸಿದೆನು. ಹೊಸಬರಿಗೆಂದೇ ಬರೆದ ಕೈಪಿಡಿಯೊಂದು ಎದುರಿಗಿದ್ದಿತು. ಆರಿಸಿದ ಡ್ರೈವಿನಲ್ಲಿರುವುದೆಲ್ಲವೂ ಅಳಿದುಹೋಗುವುದೆಂದೂ, ಬೇಕಾದ ಕಡತಗಳನ್ನು ಬೇರೊಂದು ಡ್ರೈವಿಗೆ ಸಾಗಿಸಿಕೊಳ್ಳಬೇಕೆಂದೂ ಅದು ಎಚ್ಚರಿಸಿದ್ದಿತು. ನಾನು ಎಚ್ಚರಿಕೆಯನ್ನು ಅಲಕ್ಷಿಸಿದವನಲ್ಲ. ನಮ್ಮ ತಾಯಿಯವರು ತೀರಿಕೊಳ್ಳುವುದಕ್ಕೆ ಮುನ್ನ ಅವರಿಂದ ಹಾಡಿಸಿ ಮುದ್ರಿಸಿಕೊಂಡಿದ್ದ ಹನ್ನೊಂದು ಬೀಸುವ ಪದಗಳನ್ನು ‘ಸಿ’ ಡ್ರೈವಿನಿಂದ ‘ಡಿ’ ಡ್ರೈವಿಗೆ ಸಾಗಿಸಿ ನಿಶ್ಚಿಂತನಾದೆನು. ಅರ್ಧ ಗಂಟೆಯ ಮೇಲೆ ನೋಡಲಾಗಿ ಸಿಯೂ ಇಲ್ಲ, ಡಿಯೂ ಇಲ್ಲ!

ಎರಡೂ ಒಂದೇ ಡಿಸ್ಕಿನ ಭಾಗಗಳೆಂಬುದು ನನಗೆ ತಿಳಿದುದು ಆಗ. ವಿಂಡೋಸಿನವರು ಭಾಗವನ್ನು ಡ್ರೈವೆನ್ನುವರು. ಕೈಪಿಡಿಯ ಕರ್ತನು ಇಡೀ ಡಿಸ್ಕನ್ನೇ ಡ್ರೈವೆಂದಿದ್ದನು. ಇಬ್ಬರದೂ ಸುಳ್ಳಲ್ಲ, ನಡುವೆ ಸಿಕ್ಕಿದವನು ನಾನು. ೧೯೮೧ರ ಐಬಿಎಂ ಪಿಸಿಯಲ್ಲಿ ಎ, ಬಿ ಎಂಬುವು ನಿಜವಾಗಿಯೂ ಬೇರೆ ಬೇರೆ ಫ್ಲಾಪಿ ಡ್ರೈವುಗಳ ಹೆಸರುಗಳಾಗಿದ್ದುವು. ಯಂತ್ರವು ಮಾರ್ಪಟ್ಟಿತು, ಮಾತು ಉಳಿಯಿತು.

ಲಿನಕ್ಸಿನಲ್ಲಿಯಾದರೋ ಇಡೀ ಡಿಸ್ಕಿಗೆ ಎಸ್‌ಡಿಎ ಎಂದು ಹೆಸರಿದ್ದರೆ, ಅದರ ಭಾಗಗಳಿಗೆ ಎಸ್‌ಡಿಎ೧, ಎಸ್‌ಡಿಎ೨ ಎಂದು ಹೆಸರು. ಪಹಣಿ ಬಲ್ಲ ನಮ್ಮವರಿಗೆ ಇದೇನು ಹೊಸದೇ? ಸರ್ವೆ ನಂಬರು ೪೫ ಎಂದರೆ ಇಡೀ ಹೊಲ, ೪೫/೨ ಎಂದರೆ ಅದರೊಳಗಿನ ಹಿಸ್ಸೆ. ತನ್ನ ಹಿಸ್ಸೆಯನ್ನು ಉಳುವುದಕ್ಕೂ ಇಡೀ ಹೊಲಕ್ಕೆ ನೇಗಿಲು ಹೂಡುವುದಕ್ಕೂ ಇರುವ ಭೇದವನ್ನು ಅರಿಯದ ರೈತನುಂಟೆ? ಡಿಸ್ಕು ಹೊಲ, ಪಾರ್ಟಿಶನ್ನು ಹಿಸ್ಸೆ. ಫೈಲ್‌ಸಿಸ್ಟಮ್ ಎಂಬುದು ಆ ಹಿಸ್ಸೆಯಲ್ಲಿ ಸಾಲು ಹೊಡೆದಿರುವ ಕ್ರಮ. ಎನ್‌ಟಿಎಫ್‌ಎಸ್ ಒಂದು ಕ್ರಮ, ಎಕ್ಸ್‌ಟಿ೪ ಮತ್ತೊಂದು. ಫಾರ್ಮ್ಯಾಟ್ ಮಾಡುವುದೆಂದರೆ ಹಳೆಯ ಸಾಲನ್ನು ಕೆಡಿಸಿ ಹೊಸ ಸಾಲು ಹೊಡೆಯುವುದು. ಇಷ್ಟನ್ನು ಮೊದಲನೆಯ ಪುಟದಲ್ಲಿಯೇ ಹೇಳಿದ್ದರೆ ಕೈಪಿಡಿಗೆ ಏನು ಭಾರವಾಗುತ್ತಿದ್ದಿತು?

ಇನ್ನು ‘ರೂಟ್’ ಎಂಬ ಮಾತಿನ ಗೋಳು ಬೇರೆ. ಕಡತಗಳ ಮರದ ಬುಡವೂ ರೂಟ್, ಯಂತ್ರದ ಸರ್ವಾಧಿಕಾರಿಯೂ ರೂಟ್, ಆ ಅಧಿಕಾರಿಯ ಮನೆಯೂ ರೂಟ್! ಅದನ್ನೆಲ್ಲ ಬರೆಯಹೊರಟರೆ ಸಂಪಾದಕರು ಸ್ಥಳ ಕೊಡಲಾರರು.

ನನ್ನ ತಂಗಿಯ ಫೋನಿನಲ್ಲಿ ಎರಡು ಪದಗಳು ದೊರೆತುವು. ಉಳಿದ ಒಂಬತ್ತು ಹೋದುವು. ದೊರೆತವನ್ನು ಈಗ ಬೇರೊಂದು ಡಿಸ್ಕಿನಲ್ಲಿಟ್ಟಿರುವೆನು; ಬೇರೊಂದು ಎಂದರೆ ತಂತಿಯನ್ನು ಕಳಚಿ ಕೈಯಲ್ಲಿ ಹಿಡಿದು ಬೀರುವಿನೊಳಗೆ ಇಡತಕ್ಕದ್ದು.