ಚೀಲದಲ್ಲಿ ಒಂದು ಜಾಲಿ ತುಂಡು

ಮೊಳಕಾಲ್ಮೂರು ಕಡೆ ಸೌದೆ ಅಂದರೆ ಬಳ್ಳಾರಿ ಜಾಲಿಯೇ. ಬೇವು, ಹೊಂಗೆ, ಹುಣಸೆ ಇಲ್ಲವೆಂದಲ್ಲ. ಅವುಗಳ ಮೇಲೆ ಕೊಡಲಿ ಎತ್ತಲು ಯಾರಿಗೂ ಮನಸ್ಸು ಬಾರದು, ಕಾನೂನೂ ಸುಮ್ಮನೆ ಬಿಡದು. ಜಾಲಿಗೆ ಆ ತೊಡಕಿಲ್ಲ. ಅನುಮತಿ ಕೇಳದೆ ಕಡಿಯಬಹುದಾದ ಮರಗಳ ಪಟ್ಟಿಯಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆ ಅದನ್ನು ಸೇರಿಸಿದೆ. ಅಮೆರಿಕ ಖಂಡದ ಒಣ ಸೀಮೆಯ ಮರ ಇದು. ನಮಗೆ ದೂರವೇನಲ್ಲದ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ 1870ರ ದಶಕದ ಕೊನೆಗೆ ಸೌದೆಗೆಂದೇ ನೆಟ್ಟರಂತೆ. ಆಮೇಲೆ ಯಾರೂ ನೆಡಬೇಕಾಗಲಿಲ್ಲ. ಕುರಿ, ದನ ಸಿಹಿ ಕಾಯಿ ತಿಂದು ಹಿಕ್ಕೆಯಲ್ಲಿ, ಸಗಣಿಯಲ್ಲಿ ಬೀಜ ಉದುರಿಸುತ್ತ ಹೋದವು. ಕೆರೆಯಂಗಳ, ಹಳ್ಳದ ದಂಡೆ, ಬೀಳುಬಿಟ್ಟ ಹೊಲ ಎಲ್ಲವನ್ನೂ ಅದು ಹಿಡಿಯಿತು.

ನಮ್ಮ ಸೋದರಮಾವನ ಮನೆಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಸುಬು. ಮೊಳಕಾಲ್ಮೂರು ಸೀರೆಯ ಹೆಸರು ಎಲ್ಲರೂ ಬಲ್ಲರು, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಆದರೆ ಆ ಸೀರೆಯ ನೂಲು ಮಗ್ಗಕ್ಕೆ ಬರುವ ಮೊದಲು ಒಲೆಯ ಮೇಲೆ ಎಷ್ಟು ಹೊತ್ತು ಬೇಯುತ್ತದೆ ಎಂಬುದು ಉಟ್ಟವರಿಗೆ ಗೊತ್ತಿರುವುದಿಲ್ಲ. ಮೊದಲು ಸೋಪು ಸೋಡಾದ ನೀರಲ್ಲಿ ಕುದಿಸಿ ನೂಲಿನ ಅಂಟು ಬಿಡಿಸಬೇಕು, ಆಮೇಲೆ ಬಣ್ಣದ ನೀರಲ್ಲಿ ಇಳಿಬಿಟ್ಟು ಕೋಲಿನ ಮೇಲೆ ತಿರುವುತ್ತಿರಬೇಕು. ಕಾವು ಏರಿ ಇಳಿದರೆ ಬಣ್ಣ ಒಂದು ಕಡೆ ಗಾಢ, ಒಂದು ಕಡೆ ಪೇಲವ. ಅದಕ್ಕೇ ಅತ್ತೆಗೆ ಎಂಥದೋ ಸೌದೆ ಆಗುತ್ತಿರಲಿಲ್ಲ. ಒಂದೇ ಉದ್ದ, ಹೆಚ್ಚುಕಡಿಮೆ ಒಂದೇ ದಪ್ಪ ಇರಬೇಕು. ಜಾಲಿ ಹಸಿಯಿದ್ದರೂ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಆದರೆ ಕೊಡಲಿಯಲ್ಲಿ ಅದನ್ನು ಒಂದಳತೆಗೆ ತುಂಡು ಮಾಡುವುದು ತೋಳು ತಿನ್ನುವ ಕೆಲಸ.

ಆ ಕೆಲಸವನ್ನು ವರ್ಷಗಟ್ಟಲೆ ಮಾಡಿಕೊಟ್ಟವನು ಊರಿನ ಒಬ್ಬ ಹಿರಿಯ. ನಾವೆಲ್ಲ ತಾತ ಎನ್ನುತ್ತಿದ್ದೆವು. ಅವನ ಭುಜ ಸೋತಿತು. ಅವನ ಮಕ್ಕಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ಮತ್ತೆ ಕೊಡಲಿ ಹಿಡಿಯಲಿಲ್ಲ. ಹಿತ್ತಲಲ್ಲಿ ಸೌದೆ ಕರಗುತ್ತ ಬಂದ ಒಂದು ಬೇಸಿಗೆ ಮಾವ ನಿರ್ಧಾರ ಮಾಡಿದರು: ಮರ ಕೊಯ್ಯುವ ಮಿಷನ್ನು ತರೋಣ.

ಮಾವ, ಅತ್ತೆ, ನಾನು ಬಳ್ಳಾರಿಗೆ ಹೊರಡುವ ದಿನ ತಾತ ತಾನೂ ಬರುತ್ತೇನೆಂದ. ಗೋಣಿಚೀಲದಲ್ಲಿ ಏನೋ ಕಟ್ಟಿಕೊಂಡು ಬಸ್ಸು ಹತ್ತಿದ. ರಾಂಪುರ ದಾಟುವಾಗ ಬಿಚ್ಚಿ ತೋರಿಸಿದ: ತೊಡೆ ದಪ್ಪದ ಜಾಲಿ ತುಂಡು, ಒಂದು ಬೇಸಿಗೆ ಪೂರ್ತಿ ಒಣಗಿದ್ದು. "ಅಂಗಡಿಯೋನು ಮೆತ್ತನೆ ಮರ ಕೊಯ್ದು ತೋರಿಸ್ತಾನೆ. ನಾವು ಕೊಯ್ಯೋದು ಇದನ್ನ. ಇದ್ರ ಮ್ಯಾಲೇ ನೋಡಬೇಕು" ಎಂದ. ಮಿಷನ್ನು ಕೊಳ್ಳುವ ಬಗ್ಗೆ ಆಮೇಲೆ ನನಗೆ ಎಷ್ಟೋ ಜನ ಬುದ್ಧಿ ಹೇಳಿದ್ದಾರೆ. ಅದರಷ್ಟು ಸರಿಯಾದ ಮಾತನ್ನು ಯಾರೂ ಹೇಳಿಲ್ಲ.

ಬಳ್ಳಾರಿಯ ಮೊದಲ ಅಂಗಡಿಯಲ್ಲಿ ಡಬ್ಬ ಬಿಚ್ಚಲೇ ಒಪ್ಪಲಿಲ್ಲ. ಎರಡನೆಯವನು ನಗುತ್ತ ತುಂಡನ್ನು ಅಂಗಡಿಯ ಹಿಂದಕ್ಕೆ ಒಯ್ದ. ಮಾವನ ಕಣ್ಣು ನೆಟ್ಟಿದ್ದದ್ದು 58 ಸಿಸಿಯ ದೊಡ್ಡದರ ಮೇಲೆ, 22 ಇಂಚಿನ ಬಾರ್, ಅಂದರೆ ಚೈನು ಸುತ್ತುವ ಪಟ್ಟಿ. ತಾತ ಅದನ್ನು ಎಂಜಿನ್ ಚಾಲೂ ಮಾಡದೆಯೇ ಸೊಂಟದ ಮಟ್ಟಕ್ಕೆ ಹಿಡಿದು ನಿಂತ. ಸ್ವಲ್ಪ ಹೊತ್ತಿಗೆ ಮೂತಿ ನೆಲದ ಕಡೆ ಬಾಗಿತು. ಏನೂ ಮಾತಾಡದೆ ಅದನ್ನು ಮಾವನ ಕೈಗೆ ಕೊಟ್ಟ. ಮಾವನಿಗೂ ಹಾಗೇ ಆಯಿತು.

ಆಮೇಲೆ ಸಣ್ಣದು, 32 ಸಿಸಿ ಆಸುಪಾಸಿನದು, 16 ಇಂಚಿನ ಬಾರ್. ತೂಕ ನಾಲ್ಕು ಕಿಲೋ ಇದ್ದೀತು. ಜಾಲಿ ತುಂಡಿನ ಮೇಲೆ ಇಟ್ಟಾಗ ದೊಡ್ಡದು ಬೇಗ ಇಳಿಯಿತು, ಸಣ್ಣದು ಕೊಂಚ ತಡೆದು ಇಳಿಯಿತು. ಆದರೆ ನಮ್ಮ ಜಾಲಿ ಒಂಟಿ ಕಾಂಡದ ಮರವಲ್ಲ. ಕಡಿದಷ್ಟೂ ಬುಡದಿಂದ ಒಡೆದು ಬರುವ ಪೊದೆ, ಒಂದೊಂದು ಬುಡದಲ್ಲಿ ಏಳೆಂಟು ಕಾಂಡ, ಬಹುತೇಕ ಗೇಣಿನ ಒಳಗಿನ ದಪ್ಪ. ಅದಕ್ಕೆ 22 ಇಂಚು ಯಾಕೆ? ಉದ್ದ ಬಾರ್ ಇದ್ದರೆ ಮುಂದಿನ ಕಾಂಡ ಕೊಯ್ಯುವಾಗ ಮೂತಿ ಹಿಂದಿನ ಕಾಂಡಕ್ಕೆ ತಗಲುತ್ತದೆ ಎಂದು ಅಂಗಡಿಯವನೇ ಹೇಳಿದ. ವ್ಯಾಪಾರ ದೊಡ್ಡದರಲ್ಲಿ ಇದ್ದರೂ ಸಣ್ಣದನ್ನು ಹೇಳಿದ ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವ. ಕರೆಂಟಿನ ಮಿಷನ್ನೂ ಇತ್ತು, ಸದ್ದು ಕಡಿಮೆ, ಹಿತ್ತಲಿಗೆ ಹೇಳಿ ಮಾಡಿಸಿದ್ದು. ಹೊಲದಲ್ಲಿ ಪ್ಲಗ್ಗು ಎಲ್ಲಿಂದ ತರುವುದು? ಅದನ್ನು ಬಿಟ್ಟೆವು.

ದುಡ್ಡು ಎಣಿಸುವ ಹೊತ್ತಿಗೆ ಅತ್ತೆ ಬಾಯಿ ಬಿಟ್ಟರು: "ಇದ್ರ ಹಲ್ಲು ಮಸೆಯೋರು ಯಾರು?"

ಅಂಗಡಿಯವನು ಒಂದು ಸ್ಟೂಲು ಹಾಕಿ ಅವರನ್ನು ಕೂರಿಸಿದ. ಆ ಚೈನಿಗೆ 4 ಮಿಲಿಮೀಟರಿನ ದುಂಡು ಅರ. ಹಲ್ಲಿನ ಮೇಲೆ ಗೆರೆಯಿರುತ್ತದೆ, ಆ ಓರೆಗೆ ಸರಿಯಾಗಿ ಅರ ಹಿಡಿದು ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿಗೆ ತಳ್ಳಬೇಕು, ಹಿಂದಕ್ಕೆ ಎಳೆಯಬಾರದು. ಎಲ್ಲ ಹಲ್ಲಿಗೂ ಅಷ್ಟಷ್ಟೇ ತಳ್ಳು. ಒಂದು ಬದಿ ಎಡದ ಹಲ್ಲು, ಒಂದು ಬದಿ ಬಲದ್ದು. ಹೆಚ್ಚುಕಡಿಮೆಯಾದರೆ ಕೊಯ್ತ ಓರೆಯಾಗುತ್ತದೆ. ಉದುರುವುದು ಚಕ್ಕೆಯಾದರೆ ಹಲ್ಲು ಚೂಪು, ಹಿಟ್ಟಾದರೆ ಮೊಂಡು. ಎಳೆ ಎಳೆಯಾಗಿ ನೂಲಿನ ಗಂಟು ನೋಡಿ ಪಳಗಿದ ಕಣ್ಣು ಅತ್ತೆಯದು. ಅಲ್ಲೇ ಕೂತು ಒಂದು ಸುತ್ತು ಮಸೆದು ತೋರಿಸಿದರು.

ಈ ಹಲ್ಲಿನ ಆಕಾರದ ಹಿಂದೆ ಒಂದು ಕಥೆಯಿದೆ. ನಾನು ಆಮೇಲೆ ಓದಿದ್ದು. ಮೊದಲಿನ ಚೈನುಗಳಿಗೆ ಗರಗಸದ ಹಾಗೆ ಗೀರುವ ಹಲ್ಲಿದ್ದವು, ಮಸೆಯುವುದೇ ದೊಡ್ಡ ಕೆಲಸ. 1946ರಲ್ಲಿ ಅಮೆರಿಕದ ಆರೆಗಾನ್ ಕಡೆ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಮರದ ಮೋಟಿನಲ್ಲಿ ಒಂದು ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತರಿಸುತ್ತ ಸಲೀಸಾಗಿ ಸಾಗುವುದನ್ನು ಕಂಡ. ಅದರ ದವಡೆಯನ್ನೇ ಉಕ್ಕಿನಲ್ಲಿ ಮಾಡಿದ. ಮರುವರ್ಷವೇ ಆ ಚೈನು ಮಾರಾಟಕ್ಕೆ ಬಂತು. ಇಂದಿನ ಬಹುತೇಕ ಚೈನುಗಳು ಅದರ ಸಂತತಿ. ನಮ್ಮ ಸೌದೆ ಸೀಳಿದಾಗ ಸಿಗುವ ಬಿಳಿ ಹುಳುವನ್ನು ಅತ್ತೆ ಕೋಳಿಗೆ ಎಸೆಯುತ್ತಿದ್ದರು. ಇದನ್ನು ಓದಿ ಹೇಳಿದ ಮೇಲೆ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಸಣ್ಣ ಮಿಷನ್ನು ಕೊಂಡು ಉಳಿದ ದುಡ್ಡಿನಲ್ಲಿ ಗಟ್ಟಿ ಬೂಟು, ಕನ್ನಡಕ, ಕಿವಿಮುಚ್ಚುಗೆ, ಕಾಲಿಗೆ ದಪ್ಪ ಹೊದಿಕೆ ಕೊಂಡೆವು. ಜಾಲಿ ಮುಳ್ಳು ಚಪ್ಪಲಿ ದಾಟಿ ಪಾದಕ್ಕೆ ಇಳಿಯುತ್ತದೆ, ಮುರಿದು ಒಳಗುಳಿದರೆ ಕೀವಾಗದೆ ಬಿಡದು. ತಾತನ ಅಂಗಾಲು ನೋಡಿದವರಿಗೆ ಬೂಟಿನ ಬೆಲೆ ಹೆಚ್ಚೆನಿಸದು.

ಹೊಲದಲ್ಲಿ ಮೊದಲ ದಿನ ತಾತನೇ ಮೇಸ್ತ್ರಿ. ಮೊದಲು ಕವೆಗೋಲು, ಮಚ್ಚು. ಹೊರಗಿನ ಮುಳ್ಳುಕೊಂಬೆ ಸವರಿ, ಹಿಂದೆ ಸರಿಯಲು ದಾರಿ ಮಾಡಿಕೊಂಡ ಮೇಲೆಯೇ ಮಿಷನ್ನು. ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟು ಸ್ಟ್ರೋಕ್ ಆಯಿಲ್ಲು. ಚೈನಿನ ಎಣ್ಣೆ ಬೇರೆ, ಅದರ ಡಬ್ಬಿ ಬೇರೆ. ನೆಲದಿಂದ ಗೇಣು ಮೇಲೆ ಕೊಯ್ಯಬೇಕು. ನಮ್ಮದು ಕಲ್ಲುಗುಂಡಿನ ಸೀಮೆ, ಒಮ್ಮೆ ಕಲ್ಲು ಮುಟ್ಟಿದರೆ ಹಲ್ಲು ಹೋಯಿತು. ಬಿಟ್ಟ ಗೇಣಿನಿಂದ ಮತ್ತೆ ಚಿಗುರು ಬರುತ್ತದೆ, ಮುಂದಿನ ಸೌದೆಯೂ ಅದೇ.

ಮಧ್ಯಾಹ್ನದ ಹೊತ್ತಿಗೆ, ಮಾವನ ಮಗ ನಡುವಿನ ಕಾಂಡ ಕೊಯ್ಯುತ್ತಿದ್ದಾಗ ಬಾರಿನ ಮೂತಿಯ ಮೇಲಂಚು ಎಲೆಯ ಮರೆಯ ಕಾಂಡಕ್ಕೆ ತಗಲಿತು. ಮಿಷನ್ನು ಮೇಲಕ್ಕೆ ಚಿಮ್ಮಿತು. ಎಡಗೈ ಮುಂದಿನ ಬ್ರೇಕಿಗೆ ಬಡಿದು ಚೈನು ತಟ್ಟನೆ ನಿಂತಿತು. ಯಾರಿಗೂ ಗಾಯವಿಲ್ಲ. ಎರಡೂ ಕೈ ಬಿಗಿಯಾಗಿ ಹಿಡಿದಿದ್ದರಿಂದ, ಬಾರ್ ಗಿಡ್ಡವಿದ್ದುದರಿಂದ ಅಷ್ಟಕ್ಕೇ ಮುಗಿಯಿತು ಎಂದೇ ನಾನು ನಂಬಿದ್ದೇನೆ. ಅಂಗಡಿಯವನ ಮಾತು ಆಗ ಎಲ್ಲರಿಗೂ ಪೂರ್ತಿ ಅರ್ಥವಾಯಿತು. ತಾತ ಆ ದಿನದ ಕೆಲಸ ನಿಲ್ಲಿಸಿಬಿಟ್ಟ. ಸಂಜೆ ಎತ್ತಿನ ಕೊಂಬಿಗೆ ಬಳಿಯುವ ಕೆಂಪು ಬಣ್ಣ ತಂದು ಬಾರಿನ ಮೂತಿಯ ಮೇಲರ್ಧಕ್ಕೆ ಹಚ್ಚಿದ: "ಈ ಕೆಂಪು ಯಾವ ಮರಾನೂ ಮುಟ್ಟಬಾರದು." ಬಣ್ಣ ಸವೆದಾಗಲೆಲ್ಲ ಮತ್ತೆ ಹಚ್ಚುವುದು ನಮ್ಮಲ್ಲಿ ರೂಢಿಯಾಯಿತು.

ಈಗ ಒಲೆಗೆ ಬರುವ ಸೌದೆ ಒಂದೇ ಅಳತೆಯದು. ಬಣ್ಣದ ತೊಟ್ಟಿಯ ಕಾವು ಅತ್ತೆ ಹೇಳಿದಂತೆ ಕೇಳುತ್ತದೆ. ಊರಿನವರು ಮಿಷನ್ನು ಎರವಲು ಕೇಳಿಕೊಂಡು ಬರುತ್ತಾರೆ. ಮಾವ ಇಲ್ಲವೆನ್ನುವುದಿಲ್ಲ, ಆದರೆ ಕೊಡುವವರು ಅತ್ತೆ. ಬಂದವರನ್ನು ಜಗಲಿಯ ಮೇಲೆ ಕೂರಿಸಿ ಮೊದಲು ಕೈಗೆ ಅರ ಕೊಡುತ್ತಾರೆ. ಒಂದು ಸುತ್ತು ಹಲ್ಲು ಮಸೆದು ತೋರಿಸಿದವರು ಬೂಟು ಹಾಕಿಕೊಂಡು ಮಿಷನ್ನು ಒಯ್ಯಬಹುದು. ಮಸೆಯಲು ಬಾರದವರಿಗೆ ಕಲಿಸುತ್ತಾರೆ, ಅದಕ್ಕೆ ಎಷ್ಟು ಹೊತ್ತು ಹಿಡಿದರೂ ಸರಿ.